ಫಾಸ್ಟ್ ರೈಲು ನಮ್ಮೂರಲ್ಲಿ ನಿಂತ ದಿನ

ದೊಡ್ಡ ಸ್ಟೇಷನ್‌ಗಳಲ್ಲಿ ರೈಲು ಬರುತ್ತದೆ, ಹೋಗುತ್ತದೆ, ಅಷ್ಟೇ. ನಮ್ಮ ಪುಟ್ಟ ಸ್ಟೇಷನ್‌ನಲ್ಲಿ ಮಾತ್ರ ದಿನಾ ಏನಾದರೊಂದು ನಡೆಯಲೇಬೇಕು. ನನ್ನವರಿಗೆ ಮಾನೇಸರ್‌ನ ಕಾರ್ಖಾನೆಯಲ್ಲಿ ಕೆಲಸ, ನನಗೆ ದೆಹಲಿಯ ಆಫೀಸಿನಲ್ಲಿ. ಇಬ್ಬರಿಗೂ ನಡುವೆ ಇರಲಿ ಅಂತ ಹರಿಯಾಣದ ಈ ಹಳ್ಳಿಯಲ್ಲಿ ಮನೆ ಮಾಡಿದೆವು. ಅವರು ಬೈಕ್ ಹತ್ತಿದರೆ ಕಾಫಿಯ ರುಚಿ ಬಾಯಲ್ಲಿರುವಾಗಲೇ ತಲುಪುತ್ತಾರೆ. ನನ್ನ ಪ್ಯಾಸೆಂಜರ್ ರೈಲೋ, ಫಾಸ್ಟ್ ರೈಲಿಗೆ ದಾರಿ ಬಿಡುತ್ತಾ ಕಂಡಕಂಡಲ್ಲಿ ನಿಲ್ಲುತ್ತದೆ. ‘ಹೀಗೇ ಲೇಟಾದರೆ ಬೇರೆ ಕೆಲಸ ನೋಡಿಕೊಳ್ಳಿ’ ಅಂತ ನಮ್ಮ ಮೇಡಂ ಹೇಳಿಯೂ ಆಗಿತ್ತು. ಆ ಫಾಸ್ಟ್ ರೈಲು ನಮ್ಮೂರಲ್ಲಿ ನಿಂತರೆ ನನ್ನ ನೌಕರಿ ಉಳಿಯುತ್ತಿತ್ತು. ಅದು ನಿಲ್ಲುವವರೆಗೆ ಏನೇನಾಯಿತು ಅಂತೀರಿ!

ಮಜ್ಜಿಗೆ ಕುಡಿದ ಸಾಹೇಬ

ಇಷ್ಟು ಸಣ್ಣ ಊರಿಗೆ ಸ್ಟೇಷನ್ ಹೇಗೆ ಬಂತು ಅಂತ ಒಬ್ಬ ಅಜ್ಜನನ್ನು ಕೇಳಿದೆ. ಹಳಿ ಹಾಕಿಸಲು ಬಂದ ಬ್ರಿಟಿಷ್ ಸಾಹೇಬ ಬಿಸಿಲಿಗೆ ಬಳಲಿ ಅವರ ಮನೆಯಲ್ಲಿ ಮಜ್ಜಿಗೆ ಕುಡಿದನಂತೆ, ಖುಷಿಯಾಗಿ ಸ್ಟೇಷನ್ ಕೊಟ್ಟನಂತೆ. ಪಕ್ಕದ ಮನೆಯವರು ಇದನ್ನು ಕೇಳಿ ನಕ್ಕುಬಿಟ್ಟರು. ಮಜ್ಜಿಗೆ ಕೊಟ್ಟದ್ದು ತಮ್ಮ ಮುತ್ತಜ್ಜಿಯಂತೆ. ಆ ಬೀದಿಯಲ್ಲಿ ಕೇಳಿದ ಪ್ರತಿ ಮನೆಯಲ್ಲೂ ಸಾಹೇಬ ಮಜ್ಜಿಗೆ ಕುಡಿದಿದ್ದ. ಮನೆಗೆ ಬಂದು ಹೇಳಿದರೆ ನನ್ನವರು, ‘ಪಾಪ, ಅಷ್ಟೊಂದು ಕುಡಿದ ಮೇಲೆ ಏಳೋಕೆ ಆಗದೆ ಇಲ್ಲೇ ಸ್ಟೇಷನ್ ಕಟ್ಟಿರಬೇಕು’ ಅಂದರು.

ಕೊಟ್ಟಿಗೆಯಲ್ಲಿ ಟಿಕೆಟ್

ನಮ್ಮಲ್ಲಿ ಸ್ಟೇಷನ್ ಮಾಸ್ಟರ್ ಇಲ್ಲ. ಊರಿನವರೇ ಒಬ್ಬರು ಕಮಿಷನ್ ಮೇಲೆ ಟಿಕೆಟ್ ಮಾರುತ್ತಾರೆ. ಎಲ್ಲರಿಗೂ ಅವರು ಚಾಚಾ. ಕಿಟಕಿ ಅವರದೇ, ವಿಚಾರಣೆಯೂ ಅವರದೇ. ರೈಲು ಎಷ್ಟು ಹೊತ್ತಿಗೆ ಅಂತ ಕೇಳಿದರೆ ‘ಬಂದ ತಕ್ಷಣ ಹೇಳ್ತೀನಿ’ ಅನ್ನುತ್ತಾರೆ.

ಒಂದು ದಿನ ಕಿಟಕಿ ಮುಚ್ಚಿತ್ತು. ಚಾಚಾನ ಎಮ್ಮೆ ಕರು ಹಾಕಿತ್ತು, ಬಿಟ್ಟು ಬರುವಂತಿಲ್ಲ. ನಾವೆಲ್ಲ ಅವರ ಕೊಟ್ಟಿಗೆಯಲ್ಲೇ ಕ್ಯೂ ನಿಂತೆವು. ದೆಹಲಿಯಿಂದ ಯಾರದೋ ಮದುವೆಗೆ ಬಂದಿದ್ದ ಸೂಟಿನ ಸಾಹೇಬರೊಬ್ಬರು ಸಗಣಿ ದಾಟಿಕೊಂಡು ಬಂದವರೇ, ಇದೆಂಥಾ ವ್ಯವಸ್ಥೆ, ಕಂಪ್ಲೇಂಟ್ ಮಾಡ್ತೀನಿ ಅಂತ ಕೂಗಾಡಿದರು. ಚಾಚಾ ತಲೆಯೆತ್ತದೆ ಟಿಕೆಟ್ ಚಾಚಿ, ‘ಸ್ವಲ್ಪ ಮೆಲ್ಲಗೆ ಸಾಹೇಬ್, ಬಾಣಂತಿ ಮಲಗಿದ್ದಾಳೆ’ ಅಂದರು.

ಲೇಡೀಸ್ ಡಬ್ಬಿಯ ಅವರೆಕಾಳು

ಚಳಿಗಾಲದಲ್ಲಿ ನಮ್ಮ ಲೇಡೀಸ್ ಡಬ್ಬಿಯೇ ಅಡುಗೆಮನೆ. ಒಬ್ಬರು ಬಟಾಣಿ ಸುಲಿದರೆ ಇನ್ನೊಬ್ಬರು ಮೆಂತ್ಯ ಸೊಪ್ಪು ಬಿಡಿಸುತ್ತಾರೆ. ಸುಮ್ಮನೆ ಕೂತವರ ಮಡಿಲಿಗೂ ಒಂದಿಷ್ಟು ಸುರಿಯುವುದು ಪದ್ಧತಿ. ಹೋದ ಚಳಿಗಾಲವಿಡೀ ಕಂಡವರ ಬಟಾಣಿ ಸುಲಿದು ನನ್ನ ಉಗುರು ಹಸಿರಾಗಿತ್ತು. ನನಗೂ ಒಂದು ದಿನ ಬರುತ್ತದೆ ಅಂದುಕೊಂಡಿದ್ದೆ.

ಬಂತು. ಅಮ್ಮ ಬೆಂಗಳೂರಿನಿಂದ ಅವರೆಕಾಳು ಕಳಿಸಿದ್ದಳು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಡಬ್ಬಿಯಲ್ಲಿದ್ದವರಿಗೆಲ್ಲ ಹಂಚಿ, ಬೆರಳಲ್ಲಿ ಹಿತುಕಿ ಸಿಪ್ಪೆ ತೆಗೆಯುವುದನ್ನು ತೋರಿಸಿದೆ. ಕಾಳುಗಳು ಚಿಮ್ಮಿ ಎದುರಿನವರ ಮೂಗಿಗೆ ಹೊಡೆದವು. ಎಲ್ಲರೂ ಬಿದ್ದುಬಿದ್ದು ನಗುತ್ತಾ ದೆಹಲಿಯವರೆಗೂ ಹಿತುಕಿದರು. ಇಳಿಯುವಾಗ ಒಬ್ಬ ಹಿರಿಯ ಟೀಚರಮ್ಮ ಮರುಕದಿಂದ ನನ್ನ ಭುಜ ತಟ್ಟಿ, ‘ಬೇಟಿ, ಒಂದೊಂದು ಕಾಳಿಗೂ ಹೀಗೆ ಬಟ್ಟೆ ಬಿಚ್ಚುತ್ತಾ ಕೂತರೆ ನೀವು ಊಟ ಮಾಡೋದು ಯಾವಾಗ?’ ಅಂದರು.

ಆರತಿ

ಊರಿನವರು ರೈಲ್ವೆ ಆಫೀಸಿಗೆ ಅಲೆದು ಅಲೆದು ಕೊನೆಗೂ ಫಾಸ್ಟ್ ರೈಲಿಗೆ ಪ್ರಾಯೋಗಿಕ ನಿಲುಗಡೆ ಸಿಕ್ಕಿತು. ಟಿಕೆಟ್ ಚೆನ್ನಾಗಿ ಹೋದರೆ ಖಾಯಂ, ಇಲ್ಲದಿದ್ದರೆ ರದ್ದು. ಚಾಚಾ ಮನೆಮನೆಗೆ ಹೋಗಿ, ಪಾಸ್ ಇದ್ದವರೂ ಮೊದಲ ದಿನ ಟಿಕೆಟ್ ತಗೊಳ್ಳಲೇಬೇಕು ಅಂತ ಕೈಮುಗಿದು ಬಂದರು. ತಗೊಂಡೆವು. ನಾನಂತೂ ಹೊತ್ತಿಗೆ ಮುಂಚೆಯೇ ಬರುತ್ತೇನೆ ಅಂತ ಮೇಡಂಗೆ ಜಂಬದಿಂದ ಹೇಳಿದ್ದೆ.

ಬೆಳಿಗ್ಗೆ ಪ್ಲಾಟ್‌ಫಾರಂ ತುಂಬಾ ಡೋಲು, ಹೂವು. ಸೌತ್‌ನವರಿಗೆ ಪೂಜೆ ಚೆನ್ನಾಗಿ ಬರುತ್ತೆ ಅಂತ ಆರತಿ ತಟ್ಟೆ ನನ್ನ ಕೈಗೆ ಕೊಟ್ಟರು. ಹೆಮ್ಮೆಯಾಗದೆ ಇರುತ್ತದೆಯೇ? ರೈಲು ನಿಂತಿತು. ಡ್ರೈವರ್‌ಗೆ ಪೇಟ ಸುತ್ತಿದರು. ನಾನು ಎಂಜಿನ್‌ಗೆ ಕುಂಕುಮ ಹಚ್ಚಿ ನಿಧಾನವಾಗಿ ಆರತಿ ಎತ್ತಿದೆ. ನನ್ನ ಜೊತೆ ದಿನಾ ಓಡಾಡುವವರೆಲ್ಲ ಕುಣಿಯುತ್ತಿದ್ದರು. ಚಾಚಾ ಮತ್ತು ಊರ ಹಿರಿಯರು ಲಡ್ಡು ಬುಟ್ಟಿ ಹೊತ್ತು, ಒಬ್ಬ ಪ್ರಯಾಣಿಕನೂ ತಪ್ಪಬಾರದು ಅಂತ ಡಬ್ಬಿಗಳೊಳಗೆ ನುಗ್ಗಿದರು.

ರೈಲು ಸೀಟಿ ಊದಿತು. ನಾವೆಲ್ಲ ಜೋರಾಗಿ ಚಪ್ಪಾಳೆ ತಟ್ಟಿ ಕೈಬೀಸಿದೆವು. ಕೊನೆಯ ಡಬ್ಬಿ ದಾಟಿದ ಮೇಲೆ ಆಫೀಸ್ ಬ್ಯಾಗ್ ಭುಜದಲ್ಲೇ ಇದೆ ಅಂತ ಗೊತ್ತಾಯಿತು. ಅಕ್ಕಪಕ್ಕ ನೋಡಿದೆ. ಟಿಕೆಟ್ ತಗೊಂಡವರು ಒಬ್ಬರೂ ರೈಲು ಹತ್ತಿರಲಿಲ್ಲ.

ಮೇಡಂಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನಕ್ಕೂ ನಕ್ಕೂ ಸುಸ್ತಾಗಿ ಅವತ್ತು ರಜೆ ಕೊಟ್ಟರು. ರೈಲ್ವೆಯ ಮೇಲಿನವರು ನೋಡಿದ್ದು ಟಿಕೆಟ್ ಎಷ್ಟು ಹೋಯಿತು ಅಂತ ಮಾತ್ರ, ಹತ್ತಿದವರು ಯಾರು ಅಂತಲ್ಲ. ಆಮೇಲೆ ನಾವೂ ತಪ್ಪದೆ ಹತ್ತಿದೆವು, ನಿಲುಗಡೆ ಖಾಯಂ ಆಯಿತು, ನನ್ನ ನೌಕರಿಯೂ ಉಳಿಯಿತು.

ಆದರೆ ಅವತ್ತು ಮೇಡಂ ಫೋನ್ ಇಟ್ಟ ಬೆನ್ನಿಗೇ ಚಾಚಾನ ಫೋನ್ ಬಂತು, ಓಡುವ ರೈಲಿನಿಂದ. ದನಿ ಪೂರ್ತಿ ಇಳಿದುಹೋಗಿತ್ತು.

‘ಬೇಟಿ, ಚೆಕಿಂಗ್‌ನವರು ಹಿಡ್ಕೊಂಡಿದ್ದಾರೆ. ಊರಿಗೆಲ್ಲ ಟಿಕೆಟ್ ಕೊಡೋನೇ ನಾನು ಅಂದೆ. ಹಾಗಾದರೆ ನಿನಗೊಂದು ಕೊಟ್ಕೊಳ್ಳೋಕೆ ಏನಾಗಿತ್ತು ಅಂತಾರೆ.’