ಹುಟ್ಟದ ಕಳೆಗೆ ಔಷಧಿ

ಹ್ಯಾಂಡ್‌ಪೋಸ್ಟ್ ಅನ್ನೋ ಕೂಡುರಸ್ತೆಯಲ್ಲಿ ಬೀಜ, ಗೊಬ್ಬರ, ಔಷಧಿ ಅಂಗಡಿ ಇಟ್ಟುಕೊಂಡು ಕೂತವನಿಗೆ ಟೀವಿ ಬೇಕಾಗಿಲ್ಲ. ಬಾಗಿಲು ತೆಗೆದು ಊದುಬತ್ತಿ ಹಚ್ಚೋದರೊಳಗೆ ಯಾರಾದರೂ ಬಂದು ಏನಾದರೊಂದು ನಗು ಇಟ್ಟು ಹೋಗಿರುತ್ತಾರೆ. ನಾನು ಕೆ.ಆರ್. ನಗರದ ಚುಂಚನಕಟ್ಟೆ ಕಡೆಯವನು, ಭತ್ತದ ಗದ್ದೆಯಲ್ಲಿ ಬೆಳೆದವನು. ಇಲ್ಲಿ ಸ್ವಲ್ಪ ದಿನ ಇದ್ದು ಊರಿಗೆ ವಾಪಸ್ ಹೋಗೋಣ ಅಂತಲೇ ಬಂದೆ. ಹೋಗೋಕೆ ಮನಸ್ಸೇ ಬರಲಿಲ್ಲ. ವ್ಯಾಪಾರ ಚೆನ್ನಾಗಿದೆ ಅಂತ ಮನೆಯಲ್ಲಿ ಹೇಳಿದ್ದೀನಿ. ನಿಜ ಏನಪ್ಪಾ ಅಂದರೆ, ಈ ಜನ ಬಿಟ್ಟು ಹೋದರೆ ನನಗೆ ಹೊತ್ತು ಹೋಗಲ್ಲ. ಅದರಲ್ಲೂ ನಾನು ಈರುಳ್ಳಿ ಅಕ್ಕ ಅಂತ ಕರೆಯೋ ಒಬ್ಬ ಹೆಂಗಸು, ಅವರ ಯಜಮಾನ್ರು, ಅವರ ಅತ್ತೆ. ಈ ಮೂವರ ಒಂದೇ ಒಂದು ಬೆಳೆಯ ಕಥೆ ಹೇಳಿದರೆ ಸಾಕು.

ಬರಿಗೈ

ಕಳೆ ಔಷಧಿ ಕೇಳೋಕೆ ಬರುವವರು ನಮ್ಮ ಕಡೆ ಬರಿಗೈಯಲ್ಲಿ ಬರೋದಿಲ್ಲ. ಕಳೆ ಕಿತ್ತು, ಬೇರಿನ ಮಣ್ಣಿನ ಸಮೇತ ಕವರಿಗೆ ತುಂಬಿಕೊಂಡು ಬಂದು, ನನ್ನ ಮೇಜಿನ ಮೇಲೆ ಸುರಿದು, "ಇದ್ಕೆ ಕೊಡಿ" ಅಂತಾರೆ. ನಾನು ಸಂಜೆ ಗುಡಿಸಿದರೆ ಒಂದು ಕುಂಡ ತುಂಬುವಷ್ಟು ಮಣ್ಣು ಸಿಗುತ್ತೆ.

ಅಂಥದ್ದರಲ್ಲಿ ಆ ಅಕ್ಕ ಕೈಬೀಸಿಕೊಂಡು ಬಂದು ಕಳೆ ಔಷಧಿ ಕೇಳಿದರು.

"ಯಾವ ಕಳೆ ಅಕ್ಕಾ?"

"ಗೊತ್ತಿಲ್ಲ."

"ಒಂದು ಗಿಡ ತಂದಿದ್ದೀರಾ?"

"ಇನ್ನೂ ಬಂದಿಲ್ವಲ್ಲ, ಎಲ್ಲಿಂದ ತರ‍್ಲಿ? ನಾಳೆ ಈರುಳ್ಳಿ ಬೀಜ ಆಕ್ತೀನಿ. ಕಳೆ ಮೇಲಕ್ಕೆ ಬರೋಕ್ಮುಂಚೇನೇ ಒಡೆಯೋದು ಅದ್ಯಂತಲ್ಲ, ಅದು ಕೊಡಿ."

ನಾನು ಎದ್ದು ನಿಂತುಬಿಟ್ಟೆ. ಆ ಔಷಧಿ ನನ್ನ ಕಪಾಟಿನ ಮೂಲೆಯಲ್ಲಿ ಧೂಳು ಹೊದ್ದುಕೊಂಡು ಕೂತಿತ್ತು. ಬಿತ್ತನೆಯಾದ ಮೇಲೆ, ಒದ್ದೆ ಮಣ್ಣಿಗೆ, ಏನೂ ಮೊಳೆಯೋಕೆ ಮುಂಚೆ ಹೊಡೆಯಬೇಕು. ಮಣ್ಣಿನ ಮೇಲೆ ತೆಳ್ಳಗೆ ಒಂದು ಪದರ ಕಟ್ಟುತ್ತೆ, ಕಳೆ ತಲೆ ಎತ್ತೋಕೆ ಹೋಗಿ ಅಲ್ಲೇ ಸಾಯುತ್ತೆ. ಕಳೆ ಕಂಡ ಮೇಲೆ ಹೊಡೆದರೆ ನೀರು ಹೊಡೆದ ಹಾಗೆ. ಇದನ್ನು ಎಷ್ಟು ಜನಕ್ಕೆ ಹೇಳಿದ್ದೀನೋ! "ಕಾಯ್ಲೆ ಬರೋಕ್ಮುಂಚೆ ಯಾರಾರಾ ಮಾತ್ರೆ ನುಂಗ್ತಾರಾ?" ಅಂತ ಕೇಳಿ, ಗರಿಕೆ ಕಟ್ಟು ನನ್ನ ಮೇಜಿನ ಮೇಲೇ ಬಿಟ್ಟು ಹೋಗುತ್ತಿದ್ದರು.

ಅಕ್ಕನಿಗೆ ಮಾತ್ರ ತಡೆಯೋ ಹಾಗಿರಲಿಲ್ಲ. ಹಿಂದಿನ ಸಲ ಅವರ ಈರುಳ್ಳಿ ಕಳೆಯೊಳಗೆ ಮುಳುಗಿಹೋಗಿತ್ತು. ಈರುಳ್ಳಿ ಎಲೆ ದಾರದಷ್ಟು ಸಣ್ಣ, ನೆರಳು ಕೊಡಲ್ಲ, ಪಕ್ಕದವರನ್ನು ತುಳಿಯೋ ಶಕ್ತಿ ಇಲ್ಲ. ಕಳೆ ಕೀಳೋಕೆ ಆಳು ಕರೆದರೆ, ಆಳೆಲ್ಲ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಮುರಿಯೋಕೆ ಹೋಗಿದ್ದರು. ಕೊನೆಗೆ ಸಿಕ್ಕ ಒಂದಿಬ್ಬರು ಕಳೆ ಜೊತೆಗೆ ಈರುಳ್ಳೀನೂ ಕಿತ್ತು ಗುಡ್ಡೆ ಹಾಕಿದರು. ಅತ್ತೆ ಆವತ್ತೇ ಹೇಳಿಬಿಟ್ಟರಂತೆ: "ಇನ್ನೊಂದು ಕಿತ ಇಂಗಾದ್ರೆ, ಒಲ ಶುಂಠಿಯವ್ರಿಗೆ ಗುತ್ತಿಗೆ ಕೊಟ್ಟುಬುಡದೇ ಸೈ."

"ಶುಂಠಿಗೆ ಕೊಟ್ರೆ ನಾನು ನನ್ನ ಒಲದ ಬದೀಲಿ ನಿಂತ್ಕಂಡು ಬೇರೆಯವ್ರ ಬೆಳೆ ನೋಡ್ಬೇಕು ಕಣಣ್ಣ," ಅಂದರು ಅಕ್ಕ. "ಆ ಒಲ ಬುಟ್ರೆ ನಂಗೆ ಬೇರೆ ಏನೂ ಬರಾಕಿಲ್ಲ."

ಡಬ್ಬಿ ಒರೆಸಿ ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಒಬ್ಬ ರೈತ ಕವರು ತುಂಬ ಕಳೆ ಹಿಡಿದುಕೊಂಡು ತನ್ನ ಸರದಿಗೆ ಕಾಯುತ್ತಿದ್ದ. ಅವನು ಅಕ್ಕನ ಬರಿಗೈ ನೋಡಿದ, ತನ್ನ ಕವರು ನೋಡಿದ. "ಅಕ್ಕೋ, ನಿಮ್ಗೆ ಕಳೆ ಬಂದಿಲ್ದಿದ್ರೆ ನಮ್ದೇ ಒಂದಷ್ಟು ತಕ್ಕೊಂಡೋಗಿ. ಔಷ್ದಿ ದಂಡ ಆಗ್ಬಾರ‍್ದು!"

ಹಿಂದಕ್ಕೆ

ಈ ಔಷಧಿಗೆ ಒಂದು ಕಟ್ಟುಪಾಡು. ಹೊಡೆದ ಜಾಗ ತುಳಿಯಬಾರದು. ತುಳಿದರೆ ಆ ಪದರ ಒಡೆದು, ಅಷ್ಟು ಜಾಗದಲ್ಲಿ ಕಳೆ ಏಳುತ್ತೆ. ಅದಕ್ಕೇ ಹಿಂದಕ್ಕೆ ಹೆಜ್ಜೆ ಇಡುತ್ತಾ ಹೊಡೀಬೇಕು. ನನ್ನ ಮಾತು ನಂಬಿದ ಮೊದಲನೇ ಗಿರಾಕಿ ಅಂತ, ಬಿತ್ತನೆ ಆದ ಮೇಲೆ ನಾನೇ ಅಂಗಡಿಗೆ ಬೀಗ ಹಾಕಿ, ತೋರಿಸಿಕೊಡೋಕೆ ಅವರ ಹೊಲಕ್ಕೆ ಹೋದೆ.

ಅಲ್ಲಿ ಯಜಮಾನ್ರು ಬೆನ್ನಿಗೆ ಪಂಪು ಏರಿಸಿಕೊಂಡು, ಕೈಗೆ ಗ್ಲೌಸು, ಮೂತಿಗೆ ಮಾಸ್ಕು ಹಾಕಿ ರೆಡಿಯಾಗಿದ್ದರು. ಬಂಗಾರದಂಥ ಮನುಷ್ಯ. ಬಾಯಿ ಮಾತ್ರ ಒಂದು ಸೈಜು ದೊಡ್ಡದು. ಕೋಟೆ ಪೇಟೆಗೆ ಹೋಗಿ ಉಪ್ಪು ತಂದರೂ ದಂಡಯಾತ್ರೆ ಮುಗಿಸಿ ಬಂದ ಹಾಗೆ ಹೇಳೋರು.

"ನೀವು ಬದಿ ಮೇಲೆ ಕೂತ್ಕಳಿ ಅಂಗ್ಡಿಯವ್ರೇ. ನಾವು ಉಟ್ಟಿದಾಗಿಂದ್ಲೂ ಒಲದಲ್ಲೇ ನಡ್ದೋರು."

"ಮುಂದಕ್ಕೆ ನಡ್ದಿದೀರ ಸ್ವಾಮಿ. ಇದು ಹಿಂದಕ್ಕೆ."

"ಇಂದಕ್ಕೆ ಏನು ಮಹಾ!"

ಶುರುಮಾಡಿದರು. ರಸ್ತೆ ಪಕ್ಕದ ಹೊಲ. ಬಸ್ಸಿಗೆ ಹೊರಟಿದ್ದ ಇಬ್ಬರು ಹೆಂಗಸರು ನಿಂತೇಬಿಟ್ಟರು. ಹಸಿರಿನ ಸುಳಿವೇ ಇಲ್ಲದ ಬರೀ ಮಣ್ಣಿಗೆ ಔಷಧಿ, ಅದೂ ಹಿಮ್ಮುಖ ನಡಿಗೆ!

"ಯಾಕವ್ವ, ನಿಮ್ಮ ಯಜಮಾನ್ರು ಇಂಗೆ ನಡೀತಾವ್ರೆ? ಅರಕೆ ಏನಾರಾ ಒತ್ತವ್ರಾ?"

"ಊಂ, ಕಳೆ ಬರ‍್ದೇ ಇರ‍್ಲಿ ಅಂತ," ಅಂದರು ಅಕ್ಕ. ಮುಖದಲ್ಲಿ ನಗುವಿನ ಒಂದು ಗೆರೆಯೂ ಇಲ್ಲ. ಆ ಬೆಳೆ ಕೈಗೆ ಬರೋವರೆಗೂ ನಗಲ್ಲ ಅಂತ ತೀರ್ಮಾನ ಮಾಡಿದ್ದರೋ ಏನೋ.

ನೋಡೋಕೆ ಜನ ಸಿಕ್ಕಿದ ಮೇಲೆ ಯಜಮಾನ್ರಿಗೆ ಹುರುಪು ಬಂತು. ಹಿಂದಕ್ಕೆ ಹಿಂದಕ್ಕೆ ಜೋರಾಗಿ ನಡೆದರು. ನಾನು "ಹಿಂದೆ ಕಾಲುವೆ!" ಅಂತ ಕೂಗಿದೆ. "ಗೊತ್ತು ಬುಡಿ ನಂಗೆ" ಅನ್ನುತ್ತಲೇ ದೊಪ್ಪನೆ ಕಾಲುವೆಯಲ್ಲಿ ಕುಂಡಿ ಊರಿ ಕೂತರು. ಪುಣ್ಯಕ್ಕೆ ಕಾಲುವೆಯಲ್ಲಿ ನೀರಿರಲಿಲ್ಲ, ಬರೀ ಕೆಸರು. ಟ್ಯಾಂಕಿನ ಮುಚ್ಚಳ ಭದ್ರವಾಗಿತ್ತು.

ಅಕ್ಕ ಓಡಿಬಂದವರು ಮೊದಲು ಮುಟ್ಟಿ ನೋಡಿದ್ದು ಟ್ಯಾಂಕನ್ನು. ಆಮೇಲೆ ಗಂಡನನ್ನು ಎಬ್ಬಿಸಿ ಬದಿ ಮೇಲೆ ಕೂರಿಸಿದರು. ಗ್ಲೌಸು, ಮಾಸ್ಕು ಬಿಚ್ಚಿಸಿಕೊಂಡು ತಾವು ಹಾಕಿಕೊಂಡು, ಪಂಪು ಏರಿಸಿ ಮಿಕ್ಕಿದ ಹೊಲ ಪೂರ್ತಿ ಹೊಡೆದರು. ಅಬ್ಬಾ, ಏನು ಕೈ ಅಂತೀರಿ! ಒಂದೇ ಸಮ ನಡಿಗೆ, ಒಂದೇ ಎತ್ತರದಲ್ಲಿ ಪಂಪಿನ ನಾಜಲ್ಲು, ಒಂದು ಗೇಣು ಜಾಗ ಬಿಟ್ಟುಹೋಗಲಿಲ್ಲ, ಒಂದೇ ಕಡೆ ಎರಡು ಸಲ ಔಷಧಿ ಬೀಳಲಿಲ್ಲ. ಅಂಗಡಿ ಇಟ್ಟು ಇಷ್ಟು ವರ್ಷಕ್ಕೆ ಅಂಥ ಕೆಲಸ ನೋಡಿರಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ, ಪಕ್ಕದಲ್ಲಿ ಪಂಚೆ ಹಿಂಡುತ್ತಾ ಕೂತಿದ್ದ ಯಜಮಾನ್ರು ನನ್ನ ಭುಜ ತಟ್ಟಿದರು.

"ನೋಡ್ಕಂಡ್ರಾ? ನಾನು ಏಳ್ಕೊಟ್ಟಂಗೇ ಒಡೀತಾವ್ಳೆ."

ಕಾವಲು

ಅಕ್ಕನ ಅತ್ತೆಗೆ, ನಾನು ಅಜ್ಜಿ ಅಂತ ಕರೆಯೋರಿಗೆ, ಔಷಧಿ ಮೇಲೆ ನಂಬಿಕೆ ಇರಲಿಲ್ಲ. ಆವತ್ತೇ ನನ್ನನ್ನು ಕೂರಿಸಿಕೊಂಡು ವಿಚಾರಣೆ ಮಾಡಿದರು.

"ಮಣ್ಣೊಳಗೆ ಈರುಳ್ಳಿ ಬೀಜಾನೂ ಅದೆ, ಕಳೆ ಬೀಜಾನೂ ಅದೆ. ಔಷ್ದಿಗೆ ಯಾವ್ದು ಯಾವ್ದು ಅಂತ ಎಂಗೆ ಗೊತ್ತಾಯ್ತದೆ? ಅದ್ಕೇನು ಕಣ್ಣಿದ್ದಾದಾ?"

"ಕಣ್ಣಿಲ್ಲ ಅಜ್ಜಿ. ಆ ಕಳೆ ಬೀಜ ಮೇಲ್ಮೇಲೇ ಇರುತ್ತೆ, ಮೊಳೆಯುವಾಗ್ಲೇ ಔಷಧಿಗೆ ಸಿಕ್ಕಿಬೀಳುತ್ತೆ. ಈರುಳ್ಳಿ ಒಂಚೂರು ಕೆಳಗಿರುತ್ತೆ, ಅದಕ್ಕೆ ತಡ್ಕೊಳೋ ಶಕ್ತೀನೂ ಇದೆ. ತುಳೀದೆ ಇದ್ರೆ ಸಾಕು."

"ಕಣ್ಣಿಲ್ದೋರು ಕಾವಲು ಕಾಯ್ತಾರೆ ಅಂತೀಯಲ್ಲಪ್ಪ," ಅಂದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

ಆದರೆ ಏನು ಹೆಂಗಸು ಅಂತೀರಿ! ನಂಬಿಕೆ ಇಲ್ಲದಿದ್ದರೂ, ತುಳೀಬಾರದು ಅಂದ ಮೇಲೆ ತುಳೀಬಾರದು. ಮಾರನೇ ದಿನದಿಂದಲೇ ಕೋಲು ಹಿಡಿದು ಬದಿ ಮೇಲೆ ಕೂತರು. ಕೋಳಿ ಬಂದರೆ ಕೋಲು, ನಾಯಿ ಬಂದರೆ ಕೋಲು. ಪಕ್ಕದ ಹೊಲದವರು ಅಡ್ಡ ಹಾಯೋಕೆ ಬಂದರೆ ಊರು ಸುತ್ತಿ ಹೋಗಿ ಅನ್ನೋರು. ಸ್ವಂತ ಸೊಸೆಯನ್ನೂ ಒಳಗೆ ಬಿಡುತ್ತಿರಲಿಲ್ಲವಂತೆ.

ನಾನೊಂದು ದಿನ, ಮಣ್ಣು ಹೇಗಿದೆ ನೋಡೋಣ ಅಂತ ಹೋದವನು ಮರೆತು ಒಂದು ಕಾಲು ಎತ್ತಿದೆ ಅಷ್ಟೇ. ಮೊಣಕಾಲಿಗೆ ಚಟ್ ಅಂತ ಬಿತ್ತು ಏಟು.

"ಅಯ್ಯೋ ಅಜ್ಜಿ, ನಾನು ಕಣ್ರೀ! ಔಷಧಿ ಕೊಟ್ಟವನು!"

"ಗೊತ್ತು ಕಣಪ್ಪ. ತುಳೀಬ್ಯಾಡಿ ಅಂದೋನೂ ನೀನೇಯ."

ಆನೆ ಅಟ್ಟಿದ ಕಥೆ

ಅಜ್ಜಿಯ ಕೋಲು ಕೋಳಿಗೆ ಸರಿ, ನಾಯಿಗೆ ಸರಿ, ನನಗೂ ಸರಿ. ಒಂದು ದಿನ ಬೆಳಗಿನ ಜಾವ ಆನೆ ಬಂತು.

ಕಾಡಿನ ಅಂಚಿನ ಊರು, ಆನೆ ಹೊಸದಲ್ಲ. ಹೊಲದ ಕಾಡಿನ ಕಡೆ ಮೂಲೆಯಲ್ಲಿ ಮೋಟರ್ ಮನೆ, ಎದುರು ಮೂಲೆಯಲ್ಲಿ ವಾಸದ ಮನೆ. ಕರೆಂಟು ಬಂದಿದೆಯಾ ನೋಡೋಕೆ ಅಂತ ಯಜಮಾನ್ರು ಒಬ್ಬರೇ ಮೋಟರ್ ಮನೆಗೆ ಹೋಗಿದ್ದರು. ಮುಂದೆ ಏನಾಯಿತು ಅನ್ನೋದನ್ನು ಆವತ್ತು ಬೆಳಿಗ್ಗೆ ಹ್ಯಾಂಡ್‌ಪೋಸ್ಟಿನ ಟೀ ಅಂಗಡಿಯಲ್ಲಿ ಅವರ ಬಾಯಿಂದಲೇ ಕೇಳಿದೆ.

"ಒಂಟಿ ಸಲಗ ಕಣ್ರೀ! ನಮ್ಮೊಲದ ನಡುಮಧ್ಯೆ ನಿಂತದೆ. ನಾನು ಬುಡ್ತೀನಾ? 'ಲೇ, ಔಷ್ದಿ ಒಡ್ದಿರೋ ಒಲ, ನಡಿಯಲಾ ಆಚೆ' ಅಂತ ಕೂಗ್ಕಂಡು ಅಟ್ಟಿಸ್ಕಂಡು ಓದೆ. ಕಾಡಿನ ಗಂಟ ಓಡ್ಸಿ ಬಂದೆ!"

ಮಧ್ಯಾಹ್ನದ ಹೊತ್ತಿಗೆ ಅವರ ಕಥೆಯಲ್ಲಿ ಆನೆಯ ದಂತ ಮಾರುದ್ದ ಆಯಿತು. ಸಂಜೆಗೆ ಬಾಲ ಹಿಡಿದು ಎಳೆದಿದ್ದೂ ಆಯಿತು. ಸುಳ್ಳು ಅನ್ನೋಣ ಅಂದರೆ ಗುರುತು ಒಂದೂ ಉಳಿದಿರಲಿಲ್ಲ. ಬೆಳಕಾಗೋಕೆ ಮುಂಚೆ ಜೋರು ಮಳೆ ಸುರಿದು, ಹೆಜ್ಜೆಯೆಲ್ಲ ಅಳಿಸಿ ಹೊಲ ಸಮ ಮಾಡಿಬಿಟ್ಟಿತ್ತು.

ಅಕ್ಕನಿಗೆ ಗಂಡನ ಶೌರ್ಯ ಕಟ್ಟಿಕೊಂಡು ಏನಾಗಬೇಕು? ನನಗೆ ಫೋನ್ ಮಾಡಿದರು. "ಅಣ್ಣ, ಆನೆ ತುಳ್ದದೆ. ಇವ್ರೂ ತುಳ್ದವ್ರೆ. ಪದರ ಒಡ್ದೋಯ್ತಲ್ಲ, ಒಲಾನೆಲ್ಲ ಕಳೆ ನುಂಗ್ಕತದಾ?"

"ತುಳಿದಷ್ಟು ಜಾಗಕ್ಕೆ ಮಾತ್ರ ಅಕ್ಕ," ಅಂದೆ. ಬಾಯಲ್ಲಿ ಧೈರ್ಯ ಹೇಳಿದೆನೇ ಹೊರತು ನನಗೂ ಖಾತ್ರಿ ಇರಲಿಲ್ಲ. ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು: "ಇನ್ನೇನು ಉಳಿತು? ಶುಂಠಿಯವ್ನಿಗೆ ಬರಕ್ಕೇಳು."

ಆ ಹೊತ್ತಿಗೆ ಸರಿಯಾಗಿ ಯಜಮಾನ್ರು ನನ್ನ ಅಂಗಡಿ ಮುಂದೆ ಬಂದು ನಿಂತರು. "ಅಂಗ್ಡಿಯವ್ರೇ, ಆನೆ ಓಡ್ಸೋಕೆ ಔಷ್ದಿ ಏನಾರಾ ಬಂದದಾ? ಇದ್ರೆ ಬ್ಯಾರೆಯವ್ರಿಗೆ ಕೊಡಿ. ನಮ್ಗೆ ಬ್ಯಾಡ, ನಾನಿದೀನಿ."

ಸಾಕ್ಷಿ

ಈರುಳ್ಳಿ ಮೊಳೆತು ಬೆರಳುದ್ದ ಆದ ಮೇಲೆ ಅಕ್ಕನ ಫೋನ್ ಬಂತು. "ಅಣ್ಣ, ಒಂದ್ಗಳಿಗೆ ಬಂದೋಗಿ," ಅಂದು ಇಟ್ಟುಬಿಟ್ಟರು. ಅಂಗಡಿಗೆ ಬೀಗ ಹಾಕಿ ಹೊರಟೆ. ಮುಗೀತು, ಹೊಲ ಶುಂಠಿಗೆ ಹೋಯಿತು, ನಂಬಿದ ಒಬ್ಬ ಗಿರಾಕಿಯನ್ನೂ ಮುಳುಗಿಸಿದೆ ಅಂತ ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಹೋಗಿ ನೋಡುತ್ತೀನಿ, ಅಕ್ಕ, ಯಜಮಾನ್ರು, ಅಜ್ಜಿ ಮೂವರೂ ಬದಿ ಮೇಲೆ ನಿಂತಿದ್ದಾರೆ. ಹೊಲ ಅಂದರೆ ಹೊಲ! ಕೆಂಪು ಮಣ್ಣು, ಸಾಲು ಸಾಲು ಎಳೇ ಈರುಳ್ಳಿ, ನಡುವೆ ಕಳೆಯ ಹೆಸರಿಲ್ಲ. ಕಣ್ಣು ತುಂಬಿ ಬಂತು.

ಕಳೆ ಇದ್ದದ್ದು ಎರಡೇ ಸಾಲು. ಒಂದು ಸಾಲು ಮೊರದಗಲ, ದುಂಡು ದುಂಡಗೆ, ಹಸಿರು ಗುಪ್ಪೆ ಗುಪ್ಪೆ. ಒಂದು ಪಕ್ಕದ ಬದಿಯಿಂದ ಹೊಲಕ್ಕೆ ಇಳಿದು, ಹತ್ತಿರ ಹತ್ತಿರ ಹೆಜ್ಜೆ, ನಿಧಾನವಾಗಿ ಕಾಡಿನ ಕಡೆ ಹೋಗಿತ್ತು. ಅದು ಆನೆ. ಇನ್ನೊಂದು ಸಾಲು ಮನುಷ್ಯರ ಪಾದ. ಅದು ಮೋಟರ್ ಮನೆಯಿಂದ ಶುರುವಾಗಿತ್ತು. ಒಂದೊಂದು ಹೆಜ್ಜೆಗೂ ಮಾರುದ್ದ ಅಂತರ, ಬೆರಳ ಕಡೆ ಮಾತ್ರ ದಟ್ಟ ಕಳೆ, ಹಿಮ್ಮಡಿ ನೆಲ ಮುಟ್ಟೇ ಇಲ್ಲ. ಆ ಸಾಲು ಹೊಲವನ್ನು ಅಡ್ಡ ಸೀಳಿಕೊಂಡು ನೆಟ್ಟಗೆ ಮನೆ ಕಡೆ ಬಂದಿತ್ತು. ದಾರಿಯಲ್ಲಿ ಒಂದು ಕಡೆ ಎರಡು ಮೊಣಕಾಲು, ಎರಡು ಅಂಗೈ ಹಸಿರಾಗಿ ಮೊಳೆತಿದ್ದವು.

ಅಜ್ಜಿ ಕೋಲು ಎತ್ತಿ ಮೊದಲು ಆ ಸಾಲು ತೋರಿಸಿದರು, ಆಮೇಲೆ ಈ ಸಾಲು.

"ಆನೆ ಅತ್ಲಾಗೋಗ್ಯದೆ, ನನ್ ಮಗ ಇತ್ಲಾಗೋಡವ್ನೆ. ಯಾರ‍್ನ ಯಾರ‍್ಲಾ ಅಟ್ಟಿದ್ದು?"

ಯಜಮಾನ್ರು ಕುಡುಗೋಲು ಎತ್ತಿಕೊಂಡು ಆ ಕಳೆ ಕೀಳೋಕೆ ನುಗ್ಗಿದರು. ಅಜ್ಜಿ ಕೋಲು ಅಡ್ಡ ಇಟ್ಟರು. "ಮುಟ್ಟಬ್ಯಾಡ. ಊರೋರೆಲ್ಲ ಬಂದು ನೋಡ್ಕಂಡೋಗ್ಲಿ."

ಆಮೇಲೆ ನನ್ನ ಕಡೆ ತಿರುಗಿದರು. "ಔಷ್ದಿಗೆ ಕಣ್ಣಿಲ್ಲ ಅಂದ್ಯಲ್ಲಪ್ಪ. ಅದೆ ಕಣಪ್ಪ. ತುಳ್ದೋರ‍್ನ ಒಬ್ಬೊಬ್ಬರ‍್ನೂ ನೋಡ್ಕಂಡು ಏಳ್ಬುಟ್ಟದೆ." ಸೊಸೆಯ ತಲೆ ಮೇಲೆ ಕೈಯಿಟ್ಟರು. "ಶುಂಠಿಯವ್ನಿಗೆ ನಾನೇ ಏಳ್ತೀನಿ, ಒಲ ಕೊಡಾಕಿಲ್ಲ ಅಂತ. ನೀನೇ ಮಾಡವ್ವ. ನೀನಿರೋಗಂಟ ನಿಂದೇಯ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಕೆಮ್ಮಿದ ಹಾಗೆ ಮಾಡಿ ಆಚೆ ಮುಖ ತಿರುಗಿಸಿದೆ. ಆ ಹೆಣ್ಣುಮಗಳ ಗಟ್ಟಿತನಕ್ಕೆ ಕೈಮುಗೀಬೇಕು ಅನಿಸಿತು.

ಅಷ್ಟರಲ್ಲಿ, ಇಷ್ಟು ಹೊತ್ತೂ ತಲೆ ಕೆರೆದುಕೊಂಡು ತಮ್ಮ ಹೆಜ್ಜೆಯನ್ನೇ ನೋಡುತ್ತಾ ನಿಂತಿದ್ದ ಯಜಮಾನ್ರ ಮುಖ ಅರಳಿತು.

"ಅವ್ವಾ, ನೀನು ತೆಪ್ಪು ತಿಳ್ಕಂಡಿದೀಯ! ನಾನು ಆನೆ ಅಟ್ಟಿದ್ದು ದಿಟಾನೇಯ. ಔಷ್ದಿ ಒಡ್ದಿರೋ ಒಲದಲ್ಲಿ ಇಂದಕ್ಕೇ ನಡೀಬೇಕು ಅಂತ ಅಂಗ್ಡಿಯವ್ರು ಏಳಿರ‍್ಲಿಲ್ವಾ? ಅದ್ಕೇ ಇಂದಿಂದಕ್ಕೆ ನಡ್ಕಂಡೇ ಕಾಡಿನ ಗಂಟ ಅಟ್ಕಂಡೋದೆ! ಪಾದ ಮನೆ ಕಡೆ ಕಾಣಾಕಿಲ್ವಾ ಮತ್ತೆ?"

ನಾನೂ ಅಜ್ಜಿಯೂ ಮುಖ ಮುಖ ನೋಡಿಕೊಂಡೆವು. ಒಂದು ಕ್ಷಣ ನನಗೂ ಹೌದಲ್ಲಾ ಅನಿಸಿತು.

ಆಗ ಅಕ್ಕ ನಕ್ಕರು. ಬೀಜ ಹಾಕಿದಾಗಿನಿಂದ ತಡೆದಿಟ್ಟಿದ್ದ ನಗುವೆಲ್ಲ ಒಟ್ಟಿಗೇ ಬಂದು, ಬದಿ ಮೇಲೆ ಕೂತೇಬಿಟ್ಟರು. ಉಸಿರು ಹಿಡಿದುಕೊಂಡು ಆ ಎರಡು ಹಸಿರು ಅಂಗೈಗಳನ್ನು ತೋರಿಸಿದರು.

"ಇಂದಕ್ಕೆ ನಡೆದ್ರೆ ನೀವು ಬೀಳೋದು ಕುಂಡಿ ಮೇಲೆ ಕಣ್ರೀ. ಕಾಲುವೇಲಿ ನಾನೇ ನೋಡಿವ್ನಿ!"