ಒಂಬತ್ತನೆಯ ಮೊಳೆ

ಎಲ್ಲ ರಗಳೆಗೂ ಮೂಲ ಒಂದು ಮೊಳೆ.

ಸ್ವೆರ್ರೆಯ ಅಡುಗೆಮನೆಯ ಗೋಡೆಯ ಮೇಲೆ ಸಾಲಾಗಿ ಒಂಬತ್ತು ಮೊಳೆಗಳಿದ್ದವು. ಎಂಟರಲ್ಲಿ ಎಂಟು ನೀಲಿ ಎನಾಮಲ್ ಲೋಟಗಳು ನೇತಾಡುತ್ತಿದ್ದವು. ಎಂಟೂ ಅವನ ಹೆಂಡತಿ ಸಿನ್ನೋವೆಯವು. ಒಂಬತ್ತನೆಯ ಮೊಳೆಯನ್ನು ಅವಳು ಮದುವೆಯಾದ ಹೊಸದರಲ್ಲಿ ಆಸೆಯಿಂದ ಹೊಡೆದು, "ಇದು ನಿಂದು" ಎಂದಿದ್ದಳು. ಇಪ್ಪತ್ತಾರು ವರ್ಷಗಳಿಂದ ಅದು ಖಾಲಿಯೇ ಇತ್ತು. ಸಿನ್ನೋವೆ ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಮನೆಗೆ ಬಂದವರು ಮಾತ್ರ ಕಾಫಿ ಕುಡಿಯುತ್ತಾ ಮೊಳೆಯನ್ನೊಮ್ಮೆ, ಸ್ವೆರ್ರೆಯ ಹೊಟ್ಟೆಯನ್ನೊಮ್ಮೆ ನೋಡುತ್ತಿದ್ದರು.

ಲೋಟವೇನು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಸ್ಕರ್ದಾಲ್ ಊರಿನ ಹಿಂದೆ ಹೆಸ್ತೋಸೆನ್ ಗುಡ್ಡವಿದೆ. ಅದರ ನೆತ್ತಿಯಲ್ಲಿ ಕಂಬಕ್ಕೆ ಹೊಡೆದ ಮರದ ಪೆಟ್ಟಿಗೆ. ಒಳಗೆ ಒಂದು ಪುಸ್ತಕ, ದಾರ ಕಟ್ಟಿದ ಪೆನ್ಸಿಲ್. ಹತ್ತಿದವರು ಹೆಸರು ಬರೆದು ಇಳಿಯಬೇಕು. ವರ್ಷದಲ್ಲಿ ಐವತ್ತು ಸಲ ಬರೆದವರಿಗೆ ಡಿಸೆಂಬರ್ ಮೂವತ್ತೊಂದರ ಸಂಜೆ ಊರಿನ ಸಭಾಂಗಣದಲ್ಲಿ ಲೋಟ ಕೊಡುತ್ತಾರೆ. ನಾರ್ವೆಯ ಆ ಮೂಲೆಯಲ್ಲಿ ಕುಡಿದು ಬಿದ್ದವನನ್ನು ಕ್ಷಮಿಸುತ್ತಾರೆ, ಗುಡ್ಡ ಹತ್ತದೆ ಹೆಸರು ಬರೆಸಿದವನನ್ನು ಮೂರು ತಲೆಮಾರಿನವರೆಗೆ ಕ್ಷಮಿಸುವುದಿಲ್ಲ.

ಈ ಪುಸ್ತಕಕ್ಕೆ ಇನ್ನೊಂದು ಕಟ್ಟಳೆಯಿತ್ತು. ಹೊಸ ವರ್ಷದ ಹೊಸ ಪುಸ್ತಕದಲ್ಲಿ ಯಾರ ಹೆಸರು ಮೊದಲು ಬೀಳುತ್ತದೋ ಅವರಿಗೆ ಆ ವರ್ಷ ಪೂರ್ತಿ ಪೆಟ್ಟಿಗೆಯ ಪಾರುಪತ್ಯ. ಪ್ರತಿ ಭಾನುವಾರ ಹತ್ತಿ ಹೋಗಿ ಹಿಮ ಕೆರೆಯಬೇಕು, ಪೆನ್ಸಿಲ್ ಚೂಪು ಮಾಡಬೇಕು, ಪುಸ್ತಕ ಒದ್ದೆಯಾಗದಂತೆ ನೋಡಿಕೊಳ್ಳಬೇಕು. ಪಾರುಪತ್ಯ ಊರಿನ ಸೇವೆ, ಅದಕ್ಕೆ ಲೋಟವಿಲ್ಲ. ಹೀಗಾಗಿ ಜನವರಿ ಮೊದಲ ವಾರ ಇಡೀ ಊರಿಗೆ ಒಟ್ಟಿಗೇ ಸೊಂಟ ಹಿಡಿದುಕೊಳ್ಳುತ್ತಿತ್ತು. ಹೋದ ಸಲ ಎಪ್ಪತ್ತೊಂದು ವರ್ಷದ ಬೊರ್ಗಿಲ್ ಅಜ್ಜಿಯ ಡೆನ್ಮಾರ್ಕಿನ ಅಳಿಯ, ಗುಡ್ಡವನ್ನೇ ಕಾಣದ ನಾಡಿನವನು, ಹಿಗ್ಗಿನಿಂದ ಹತ್ತಿ ಮೊದಲ ಹೆಸರು ಬರೆದು ಮರುದಿನ ಹಡಗು ಹತ್ತಿಬಿಟ್ಟ. ಅಳಿಯ ಮಾಡಿದ್ದು ಅತ್ತೆಯ ತಲೆಗೆ ಎಂದು ಸಭೆ ತೀರ್ಮಾನಿಸಿತು. ಅಜ್ಜಿ ವರ್ಷವಿಡೀ ಗೊಣಗುತ್ತಾ ಸೇವೆ ಮಾಡಿದಳು.

ಅದೇ ಸಭೆಯಲ್ಲಿ ಸ್ವೆರ್ರೆಯೂ ಎದ್ದು ನಿಂತು, "ಈ ವರ್ಷ ಐವತ್ತು ಸಲ ಹತ್ತೇ ಹತ್ತುತ್ತೀನಿ" ಎಂದು ಘೋಷಿಸಿದ್ದ. ಜನ ನಕ್ಕರು. ನಗಬೇಕಾದ್ದೇ, ಅವನ ಹೊಸ ವರ್ಷದ ಸಂಕಲ್ಪಗಳು ಅಲ್ಲಿಯತನಕ ಫೆಬ್ರವರಿಯ ಮುಖ ಕಂಡದ್ದೇ ಇರಲಿಲ್ಲ. ಆದರೆ ಸಿನ್ನೋವೆ ನಗಲಿಲ್ಲ. ಕೈ ಹಿಡಿದು ಒತ್ತಿದಳು. ಆ ಒಂದು ಒತ್ತಿಗೆ ಅವನು ಏದುಸಿರು ಬಿಡುತ್ತಾ ನಲವತ್ತೊಂಬತ್ತು ಸಲ ಹತ್ತಿದ. ಡಿಸೆಂಬರಿನಲ್ಲಿ ಹನ್ನೆರಡು ದಿನ ಶೀತಜ್ವರ ಮಲಗಿಸಿದ್ದರಿಂದ ಐವತ್ತನೆಯದು ಕೊನೆಯ ದಿನಕ್ಕೆ ಉಳಿಯಿತು.

ಆ ದಿನ ಶನಿವಾರ. ಸಭಾಂಗಣದಲ್ಲಿ ದೋಸೆಕಾವಲಿಯಷ್ಟು ದೊಡ್ಡ ವಾಫಲ್ ಹುಯ್ಯುವ ಸರದಿ ಸಿನ್ನೋವೆಯದು. ಎಂಟಕ್ಕೇ ಹೊರಟವಳು ಬಾಗಿಲಲ್ಲಿ ತಿರುಗಿ, "ಬೇಗ ಹೊರಡು. ತಡ ಮಾಡ್ಬೇಡ" ಎಂದಳು.

"ಒಂಬತ್ತಕ್ಕೆ ಹೊರಟ್ರೆ ಹನ್ನೊಂದಕ್ಕೆ ಮೇಲಿರ್ತೀನಿ. ಸಂಜೆ ಮೊಳೆ ಒರೆಸಿಡು."

ಒಂದು ಚೀಟಿಯನ್ನೂ ಅವಳ ಕೈಗಿತ್ತ. ಬರುವ ವರ್ಷದ ಸಂಕಲ್ಪವನ್ನು ಎಲ್ಲರೂ ಚೀಟಿಯಲ್ಲಿ ಬರೆದು ಸಭಾಂಗಣದ ಡಬ್ಬಿಗೆ ಹಾಕಬೇಕಿತ್ತು. ಸ್ವೆರ್ರೆ ಅದನ್ನು ಜ್ವರದಲ್ಲಿ ಮಲಗಿದ್ದಾಗಲೇ ಮನಸಾರೆ ಬರೆದಿಟ್ಟಿದ್ದ.

ಒಂಬತ್ತಕ್ಕೆ ಸರಿಯಾಗಿ ಚೀಲ ಬೆನ್ನಿಗೇರಿಸಿ, ಸ್ಕೀ, ಊರುಗೋಲು ಹಿಡಿದು ಅಂಗಳಕ್ಕಿಳಿದ. ಅಲ್ಲೇ ಎಡವಟ್ಟಾಯಿತು. ಬೇಲಿಯಾಚೆ ನಿವೃತ್ತ ಬಸ್ ಡ್ರೈವರ್ ಕೋರೆ ನಿಂತಿದ್ದ.

"ಯಾವ ಮೇಣ ಹಚ್ಚಿದ್ದೀಯ?"

"ಇನ್ನೂ ಹಚ್ಚಿಲ್ಲ. ನೀಲಿ ಇದೆ, ಅದನ್ನೇ..."

"ಇವತ್ತಿಗೆ ನೀಲಿನೇ ಸರಿ. ಆದ್ರೆ ನಿಂಗೆ ಹಚ್ಚೋಕೆ ಬರಲ್ಲ, ಕೊಡಿಲ್ಲಿ." ಕೋರೆ ಬೇಲಿ ದಾಟಿಯೇ ಬಂದ.

ಏರಿನಲ್ಲಿ ಹಿಂದಕ್ಕೆ ಜಾರದಂತೆ ಸ್ಕೀಯ ತಳಕ್ಕೆ ಹಚ್ಚುವ ಮೇಣದ ವಿಷಯದಲ್ಲಿ ಸ್ಕರ್ದಾಲಿನ ಗಂಡಸರಿಗೆ ದೇವರಿಗಿಂತ ಹೆಚ್ಚು ಶ್ರದ್ಧೆ. ಚಳಿ ಜಾಸ್ತಿಯಿದ್ದರೆ ನೀಲಿ, ಹಿಮ ಕರಗುತ್ತಿದ್ದರೆ ಕೆಂಪು. ಸರಿಯಾಗಿ ಸೊನ್ನೆ ಡಿಗ್ರಿ ಇದ್ದರೆ ಮಾತ್ರ ಎರಡು ಪಂಗಡಗಳಾಗಿ ಕಚ್ಚಾಡುತ್ತಾರೆ. ಆ ಬೆಳಿಗ್ಗೆ ಸರಿಯಾಗಿ ಸೊನ್ನೆ ಡಿಗ್ರಿ ಇತ್ತು.

ಕೋರೆ ನೀಲಿ ಮೇಣ ಹಚ್ಚಿ ಉಜ್ಜಿ ಮುಗಿಸುವಷ್ಟರಲ್ಲಿ ಎದುರುಮನೆಯ ಬಡಗಿ ಇಂಗ್ವಾಲ್ ಬಂದ. ಇವನು ಕೋರೆಯ ತಂಗಿಯ ಗಂಡ. ಒಂದು ದೋಣಿಯ ವಿಷಯಕ್ಕೆ ಭಾವಂದಿರಿಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಏನಿದ್ದರೂ ಮೂರನೆಯವರ ಮೂಲಕವೇ ಮಾತು.

"ಸ್ವೆರ್ರೆ, ನೀಲಿ ಹಚ್ಚಿದ ಆ ಪುಣ್ಯಾತ್ಮನಿಗೆ ಹೇಳು, ಇದು ಹೊಸ ಹಿಮ, ಒದ್ದೆ ಹಿಮ. ಮೊದಲ ಏರಿನಲ್ಲೇ ಹಿಂದಕ್ಕೆ ಜಾರಿ ನನ್ನ ಮನೆ ಬಾಗಿಲಿಗೆ ಬರ್ತೀಯ."

"ಸ್ವೆರ್ರೆ, ಆ ಮಹಾನುಭಾವನಿಗೆ ಹೇಳು, ಮರ ಕೆತ್ತೋದು ಬೇರೆ, ಸ್ಕೀ ಮಾಡೋದು ಬೇರೆ!"

"ನೀವಿಬ್ರೂ ಪಕ್ಕದಲ್ಲೇ ನಿಂತಿದ್ದೀರಲ್ರಯ್ಯಾ, ನೇರವಾಗಿ ಹೇಳ್ಕೊಳ್ಳಿ. ನಂಗೆ ಹೊತ್ತಾಗ್ತಿದೆ" ಎಂದ ಸ್ವೆರ್ರೆ.

ಇಂಗ್ವಾಲ್ ಆಗಲೇ ಉಳಿಯಿಂದ ನೀಲಿ ಮೇಣ ಕೆರೆಯತೊಡಗಿದ್ದ. ಕೆಂಪು ಹಚ್ಚಿದ. ಅವನು ಒಂದು ಸ್ಕೀ ಮುಗಿಸುವಷ್ಟರಲ್ಲಿ ಕೋರೆ ಇನ್ನೊಂದನ್ನು ಕಿತ್ತುಕೊಂಡು ಅದಕ್ಕೆ ಮತ್ತೆ ನೀಲಿ ಹಚ್ಚಿದ. ಸ್ವೆರ್ರೆಯ ಒಂದು ಕಾಲು ಚಳಿಗಾಲಕ್ಕೆ, ಇನ್ನೊಂದು ವಸಂತಕ್ಕೆ ಸಿದ್ಧವಾಯಿತು. ಕೊನೆಗೆ ಇಂಗ್ವಾಲ್ ಮನೆಗೆ ಓಡಿ, ಟ್ಯೂಬಿನಲ್ಲಿ ಬರುವ ಜೇನಿನಂಥ ಅಂಟು ತಂದು ಎರಡಕ್ಕೂ ಬಳಿದುಬಿಟ್ಟ. "ಇದು ಎಲ್ಲದಕ್ಕೂ ಆಗತ್ತೆ." ಕೋರೆ ತಲೆಯ ಮೇಲೆ ಕೈ ಹೊತ್ತು ಕುಳಿತ.

ಇಷ್ಟೆಲ್ಲ ಮುಗಿದು ಸ್ವೆರ್ರೆ ಹೊರಟಾಗ ಹನ್ನೊಂದೂಕಾಲು.

ಹೊಸ ಹಿಮಕ್ಕೂ ಆ ಅಂಟಿಗೂ ಏಳೇಳು ಜನ್ಮದ ನಂಟು. ಹತ್ತು ಹೆಜ್ಜೆ ಹಾಕುವುದರೊಳಗೆ ಸ್ಕೀಯ ಅಡಿಯಲ್ಲಿ ಗೇಣುದ್ದ ಹಿಮ ಮೆತ್ತಿಕೊಂಡು ಅವನು ಮರಗಾಲು ಕಟ್ಟಿದವನಂತೆ ಎತ್ತರವಾದ. ಕೆರೆದ. ಮತ್ತೆ ಮೆತ್ತಿತು. ಮೂರನೆಯ ಸಲ ಕೆರೆಯುವ ಹೊತ್ತಿಗೆ ತಾಳ್ಮೆ ತೀರಿತು. ಸ್ಕೀ ಬಿಚ್ಚಿ ಹೆಗಲಿಗೇರಿಸಿ ನಡೆದೇ ಹೊರಟ. ಒಂದು ಹೆಜ್ಜೆಗೆ ಮೊಣಕಾಲು ಹೂಳುತ್ತಿತ್ತು, ಇನ್ನೊಂದಕ್ಕೆ ಸೊಂಟ.

ಅರ್ಧ ಗುಡ್ಡ ಏರುವಷ್ಟರಲ್ಲಿ ಮೇಲಿನಿಂದ ಬೊರ್ಗಿಲ್ ಅಜ್ಜಿ ಜಾರುತ್ತಾ ಬಂದಳು. ಬೆನ್ನಿಗೆ ಚೀಲ, ಚೀಲಕ್ಕೆ ಸಿಕ್ಕಿಸಿದ ಪಾರುಪತ್ಯದ ಪುಟ್ಟ ಸಲಿಕೆ.

"ಅಯ್ಯೋ ಸ್ವೆರ್ರೆ! ಈಗ ಹತ್ತುತ್ತಿದ್ದೀಯಾ?"

"ಬೆಳಿಗ್ಗೇನೇ ಹೊರಟಿದ್ದೆ ಅಜ್ಜಿ. ಮೇಣ..."

"ಕೋರೆ, ಇಂಗ್ವಾಲ್?"

"ಹ್ಞೂಂ."

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ತೆರೆದ ಬಾಯಿಯನ್ನು ಹಾಗೇ ಮುಚ್ಚಿದಳು. ಆಮೇಲೆ ಅವಳ ಮುಖದಲ್ಲಿ ಒಂದು ನಗು ಹರಡಿತು. ಅಷ್ಟು ಸಿಹಿಯಾದ ನಗುವನ್ನು ಅವನು ಅವಳಲ್ಲಿ ಎಂದೂ ಕಂಡಿರಲಿಲ್ಲ. ಚೀಲದಿಂದ ಒಂದು ಕಿತ್ತಳೆ ತೆಗೆದು ಅವನ ಕೈಗಿಟ್ಟಳು. ತನ್ನ ಚಾಕಲೇಟನ್ನೂ ಕೊಟ್ಟಳು.

"ಹೋಗು ಮಗಾ, ಹೋಗು. ಅರ್ಧಕ್ಕೆ ಮಾತ್ರ ಬಿಡಬೇಡ. ಪೆನ್ಸಿಲ್ ಚೂಪು ಮಾಡಿ ಇಟ್ಟಿದ್ದೀನಿ."

ಸ್ವೆರ್ರೆಯ ಕಣ್ಣು ತುಂಬಿ ಬಂತು. ಊರವರು ಆಡಿಕೊಳ್ಳುತ್ತಾರೆ ನಿಜ, ಆದರೆ ಒಳಗೆ ಎಷ್ಟು ಪ್ರೀತಿಯಿದೆ ಎಂದುಕೊಂಡ. ಕಿತ್ತಳೆಯ ಬಲದಿಂದಲೇ ಉಳಿದ ಅರ್ಧ ಗುಡ್ಡ ಹತ್ತಿದ.

ನೆತ್ತಿ ಮುಟ್ಟಿದಾಗ ಎರಡು ಗಂಟೆ. ಬೆಳಕು ಆಗಲೇ ಕಂದುತ್ತಿತ್ತು. ಉಸಿರಿನ ಹಬೆ ಕನ್ನಡಕದ ಮೇಲೆ ಹೆಪ್ಪುಗಟ್ಟಿತ್ತು. ಪೆಟ್ಟಿಗೆ ತೆರೆದು, ಪೆನ್ಸಿಲ್ ಸಿಕ್ಕಿಸಿದ್ದ ಕಡೆ ಪುಸ್ತಕ ಬಿಡಿಸಿದ. ಹೊಸ ಪುಟ, ಹಿಮದಂತೆ ಖಾಲಿ. ಐವತ್ತನೆಯದಕ್ಕೆ ತಕ್ಕ ಪುಟವೇ ಸಿಕ್ಕಿತು ಎಂದು ಹಿಗ್ಗಿ ದಪ್ಪ ಅಕ್ಷರದಲ್ಲಿ ಬರೆದ: "ಸ್ವೆರ್ರೆ. ಐವತ್ತು! ಸಿನ್ನೋವೆಗಾಗಿ." ಕೆಳಗೊಂದು ಲೋಟದ ಚಿತ್ರವನ್ನೂ ಬಿಡಿಸಿದ. ಪೆಟ್ಟಿಗೆ ಮುಚ್ಚಿದ ಮೇಲೆ ಒಬ್ಬನೇ ನಿಂತು ಊರಿಗೆಲ್ಲ ಕೇಳುವಂತೆ ಕೂಗು ಹಾಕಿದ.

ಇಳಿಯುವಾಗ ಸ್ಕೀ ಕಟ್ಟಿಕೊಂಡದ್ದು ತಪ್ಪಾಯಿತು. ಹತ್ತುವಾಗ ಮೆತ್ತಿಕೊಂಡ ಅಂಟು ಇಳಿಯುವಾಗ ಬಿಟ್ಟೀತೇ? ಸ್ಕೀ ಅಲ್ಲಲ್ಲೇ ನಿಲ್ಲುತ್ತಿತ್ತು, ಸ್ವೆರ್ರೆ ನಿಲ್ಲುತ್ತಿರಲಿಲ್ಲ. ಒಂದು ಕೋಲು ಕಣಿವೆಗೆ ಹೋಯಿತು, ಟೋಪಿ ಒಂದು ಮರದ ಪಾಲಾಯಿತು. ಗುಡ್ಡದ ಬುಡಕ್ಕೆ ಅವನು ಬಂದದ್ದು ಉರುಳಿಕೊಂಡೇ. ಅಲ್ಲಿ ಕೋರೆ, ಇಂಗ್ವಾಲ್ ಇಬ್ಬರೂ ಕಾಯುತ್ತಿದ್ದರು.

"ಯಾವುದು ಹಿಡೀತು? ನೀಲಿ ತಾನೆ?"

"ಸ್ವೆರ್ರೆ, ನಿಜ ಹೇಳು. ಅಂಟು ತಾನೆ?"

"ಎರಡನ್ನೂ ಒಲೆಗೆ ಹಾಕಿ! ಹತ್ತಿದೆ, ಅಷ್ಟೇ. ಎರಡು ಗಂಟೆಗೆ ಹೆಸರು ಬರೆದೆ."

"ಎಷ್ಟು ಗಂಟೆಗೆ?"

"ಎರಡಕ್ಕೆ."

ಭಾವಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಹನ್ನೊಂದು ವರ್ಷಗಳ ಮೇಲೆ ಕೋರೆ ನೇರವಾಗಿ ಇಂಗ್ವಾಲನಿಗೆ, "ಸ್ಕೀ ನಾನು ಹೊರ್ತೀನಿ, ನೀನು ಇವನ ಚೀಲ ತಗೋ" ಎಂದ. ಇಬ್ಬರೂ ಅವನನ್ನು ಮದುವಣಿಗನಂತೆ ಮನೆ ಮುಟ್ಟಿಸಿ ಸಭಾಂಗಣದ ಕಡೆ ಓಡಿದರು.

ಐದು ಗಂಟೆಗೆ ಸ್ವೆರ್ರೆ ಹೊಸ ಸ್ವೆಟರ್ ತೊಟ್ಟು ಸಭಾಂಗಣದ ಬಾಗಿಲು ತೆರೆದನೋ ಇಲ್ಲವೋ, ಇಡೀ ಊರು ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಯಾರೋ ಬೆನ್ನು ತಟ್ಟಿದರು, ಯಾರೋ ಅವನ ತಟ್ಟೆಗೆ ಎರಡು ವಾಫಲ್ ಹೆಚ್ಚು ಹಾಕಿದರು. ವಾಫಲ್ ಕಾವಲಿಯ ಹಿಂದಿದ್ದ ಸಿನ್ನೋವೆ ಮಾತ್ರ ಚಪ್ಪಾಳೆ ಹೊಡೆಯದೆ ಅವನನ್ನೇ ಮರುಕದಿಂದ ನೋಡುತ್ತಿದ್ದಳು. ಅವನು ಅದನ್ನು ಒಲವೆಂದು ತಿಳಿದು ಕೈ ಬೀಸಿದ.

ಬೊರ್ಗಿಲ್ ಅಜ್ಜಿ ಪುಸ್ತಕ ಹಿಡಿದು ವೇದಿಕೆ ಹತ್ತಿ ಹೆಸರು ಕರೆಯತೊಡಗಿದಳು. ಸಿನ್ನೋವೆ ಅರವತ್ತೆರಡು, ಲೋಟ. ಇಂಗ್ವಾಲ್ ಐವತ್ತೊಂದು, ಲೋಟ. ಕೋರೆ ಐವತ್ತೆರಡು, ಲೋಟ. ಹದಿನೇಳು ಲೋಟ ಹಂಚಿ ಅಜ್ಜಿ ಪುಸ್ತಕ ಮುಚ್ಚಿದಳು.

"ಅಜ್ಜಿ, ನನ್ನದು!"

"ನಿಂದು ನಲವತ್ತೊಂಬತ್ತು ಮಗಾ."

"ಐವತ್ತು! ಇವತ್ತು ಎರಡು ಗಂಟೆಗೆ ನನ್ನ ಕೈಯಾರೆ ಬರೆದಿದ್ದೀನಿ. ಚಿತ್ರ ಸಮೇತ!"

"ಬರೆದಿರ್ತೀಯ, ಯಾರು ಇಲ್ಲ ಅಂದ್ರು? ಯಾವ ಪುಸ್ತಕದಲ್ಲಿ ಬರೆದೆ?" ಅಜ್ಜಿ ಕೈಯಲ್ಲಿದ್ದ ಪುಸ್ತಕವನ್ನು ಎತ್ತಿ ತೋರಿಸಿದಳು. "ಹಳೇ ಪುಸ್ತಕ ನಾನು ಹನ್ನೆರಡಕ್ಕೇ ಇಳಿಸಿಕೊಂಡು ಬಂದೆನಲ್ಲ. ಇಳಿಸದೆ ಸಂಜೆಗೆ ಎಣಿಸೋದು ಹೇಗೆ? ಮೂವತ್ತೊಂದರ ಮಧ್ಯಾಹ್ನ ಹನ್ನೆರಡು ಹೊಡೆದ ಮೇಲೆ ಪೆಟ್ಟಿಗೆಯಲ್ಲಿರೋದು ಹೊಸ ಪುಸ್ತಕ. ನಮ್ಮಪ್ಪನ ಕಾಲದಿಂದ ಹೀಗೇ. ಎಲ್ಲರಿಗೂ ಗೊತ್ತು."

ಎಲ್ಲರಿಗೂ ಗೊತ್ತಿತ್ತು. ಡಿಸೆಂಬರ್ ಮೂವತ್ತೊಂದರವರೆಗೆ ಒಂದು ಸಂಕಲ್ಪವನ್ನೂ ಎಳೆದು ತಂದಿರದ ಸ್ವೆರ್ರೆ ಒಬ್ಬನಿಗೆ ಗೊತ್ತಿರಲಿಲ್ಲ. ಚಪ್ಪಾಳೆ ಯಾಕೆ ಬಂತೆಂದು ಅವನಿಗೆ ಈಗ ಹೊಳೆಯಿತು. ಈ ಜನವರಿಯಲ್ಲಿ ಊರಿಗೆ ಸೊಂಟ ಹಿಡಿಯುವ ಅಗತ್ಯವೇ ಇರಲಿಲ್ಲ.

"ದಾರಿಯಲ್ಲಿ ಸಿಕ್ಕಾಗ ಹೇಳಬಾರದಿತ್ತಾ ಅಜ್ಜಿ?"

"ಅಷ್ಟು ಹುರುಪಿನಿಂದ ಹತ್ತೋನನ್ನ ತಡೆಯೋಕೆ ಮನಸ್ಸು ಬರಬೇಕಲ್ಲಪ್ಪ" ಎಂದ ಅಜ್ಜಿ, ಪಾರುಪತ್ಯದ ಸಲಿಕೆಯನ್ನು ಎರಡು ಕೈಯಲ್ಲಿ ಹಿಡಿದು ಅವನಿಗೊಪ್ಪಿಸಿದಳು. "ನಾಳೇನೇ ಭಾನುವಾರ. ಮರೀಬೇಡ."

ಆಮೇಲೆ ಡಬ್ಬಿಯ ಚೀಟಿಗಳನ್ನು ಓದುವ ಕಾರ್ಯಕ್ರಮ. ಮೊದಲು ಕೈಗೆ ಬಂದದ್ದು ಅಜ್ಜಿಯದೇ: "ಬರೋ ವರ್ಷ ಐವತ್ತು ಸಲ ಹತ್ತಿ ಲೋಟ ತಗೊಳ್ತೀನಿ. ಪೆನ್ಸಿಲ್ ಚೂಪಿರಬೇಕು." ಎರಡನೆಯ ಚೀಟಿಯನ್ನು ಓದಲು ಹೋದ ಕೋರೆ ನಗು ತಡೆಯಲಾರದೆ ಅದನ್ನು ಇಂಗ್ವಾಲನಿಗೆ ಕೊಟ್ಟ. ಇಂಗ್ವಾಲ್ ಕಣ್ಣೊರೆಸಿಕೊಂಡು ಓದಿದ: "ಸ್ವೆರ್ರೆ. ಬರೋ ವರ್ಷ ಎಲ್ಲಿಗೂ ಹೋಗಲ್ಲ. ಸೋಫಾ ಬಿಟ್ಟು ಏಳಲ್ಲ." ಆ ನಗು ನಿಲ್ಲಲು ಕಾಲು ಗಂಟೆ ಹಿಡಿಯಿತು.

ಮನೆಗೆ ಬಂದಾಗ ಸ್ವೆರ್ರೆ ಅಡುಗೆಮನೆಯ ಕುರ್ಚಿಯಲ್ಲಿ ಕುಸಿದು ಕುಳಿತ. "ಐವತ್ತು ಸಲ ಹತ್ತಿದೆ ಕಣೇ. ನಿಜವಾಗಿ ಹತ್ತಿದೆ. ನಿಂಗೆ ಒಂದು ಲೋಟ ತಂದು ತೋರಿಸೋಕಾಗಲಿಲ್ಲ."

"ನಂಗೆ ಗೊತ್ತು" ಎಂದಳು ಸಿನ್ನೋವೆ. ತನ್ನ ಒಂಬತ್ತನೆಯ ಹೊಸ ಲೋಟದಲ್ಲೇ ಅವನಿಗೆ ಕಾಫಿ ಸುರಿದು ಕೊಟ್ಟು, ತಲೆಗೂದಲಲ್ಲಿ ಸಿಕ್ಕಿದ್ದ ಪೈನ್ ಎಲೆ ತೆಗೆದಳು. ಆಮೇಲೆ ಅವನ ಮಡಿಲಲ್ಲಿದ್ದ ಸಲಿಕೆಯನ್ನು ಎತ್ತಿಕೊಂಡು, ಹಿಡಿಯ ತೂತನ್ನು ಒಂಬತ್ತನೆಯ ಮೊಳೆಗೆ ಸಿಕ್ಕಿಸಿದಳು. ಅಳತೆ ತೆಗೆದು ಮಾಡಿಸಿದಂತೆ ಕೂತಿತು.

"ಖಾಲಿ ಇರೋದಕ್ಕಿಂತ ಚೆನ್ನಾಗಿದೆ ಅಲ್ವಾ? ನಾಳೆ ನಾನೂ ಜೊತೆಗೆ ಬರ್ತೀನಿ. ಬೇಗ ಹೊರಡೋಣ."

ಸ್ವೆರ್ರೆ ಲೋಟ ಬಾಯಿಗಿಟ್ಟ. ಅಷ್ಟರಲ್ಲಿ ಅಂಗಳದಿಂದ ಕರಕರ ಸದ್ದು ಕೇಳಿತು. ಕಿಟಕಿಯ ಪರದೆ ಸರಿಸಿ ನೋಡಿದ. ಜಗುಲಿಯ ದೀಪದ ಕೆಳಗೆ ಕೋರೆ, ಇಂಗ್ವಾಲ್ ಇಬ್ಬರೂ ಅವನ ಸ್ಕೀಗಳನ್ನು ಮಗುಚಿ ಹಾಕಿಕೊಂಡು, ನಾಳೆಗೆ ಯಾವ ಮೇಣ ಎಂದು ನೇರವಾಗಿಯೇ ಜಗಳವಾಡುತ್ತಿದ್ದರು.