ಅದು ಏನು ತಿನ್ನುತ್ತೆ ಅತ್ತೆ?

ಮೊಮ್ಮಗಳಿಗೆ ರಜೆಯ ಉಡುಗೊರೆ ಹಿಡಿದು ನಮ್ಮತ್ತೆ ಬಾಗಿಲಲ್ಲಿ ನಿಂತರೆ, ನಾನು ಕೇಳುವ ಮೊದಲ ಪ್ರಶ್ನೆ ಒಂದೇ: "ಅದು ಏನು ತಿನ್ನುತ್ತೆ ಅತ್ತೆ?"

ನಗಬೇಡಿ! ಬೇರೆಯವರ ಅಜ್ಜಿಯಂದಿರು ಗೊಂಬೆ ತರುತ್ತಾರೆ, ಬಣ್ಣದ ಪೆನ್ಸಿಲ್ ತರುತ್ತಾರೆ. ನಮ್ಮತ್ತೆಯ ಪ್ರಕಾರ ಉಸಿರಾಡದ ವಸ್ತು ಉಡುಗೊರೆಯೇ ಅಲ್ಲ. ಕಳೆದ ದಸರಾ ರಜೆಗೆ ಅಂಗೈಯಗಲದ ಕೋಳಿಮರಿ ತಂದಿದ್ದರು. ಅದು ಹುಂಜವಾಗಿ ಬೆಳೆದು, ಚಿಕ್ಕಬಳ್ಳಾಪುರದ ನಮ್ಮ ಬೀದಿಯನ್ನೆಲ್ಲ ಕೋಳಿ ಕೂಗುವ ಹೊತ್ತಿಗೇ ಎಬ್ಬಿಸತೊಡಗಿತು. ಪಕ್ಕದ ಮನೆಯವರು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಈ ಬೇಸಿಗೆ ರಜೆಗೆ ಶಿಡ್ಲಘಟ್ಟದ ಬಸ್ಸಿಳಿದವರ ಕೈಯಲ್ಲಿ ಸಿಹಿತಿಂಡಿಯ ಡಬ್ಬ ಕಂಡು ನನಗೆ ಜೀವ ಬಂದಂತಾಯಿತು. ಮುಚ್ಚಳ ತೆಗೆದೆ. ಒಳಗೆ ರೇಷ್ಮೆಹುಳುಗಳು ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದವು! ಅತ್ತೆ ಮದುವೆಯಾಗಿ ಬಂದಾಗಿನಿಂದ ಹುಳ ಸಾಕಿದವರು. ಅವರಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ.

ನಮ್ಮ ಪುಟ್ಟಿಗಂತೂ ಹಬ್ಬ. ಒಂದೊಂದಕ್ಕೂ ಹೆಸರಿಟ್ಟಳು. ಎಲ್ಲ ಒಂದೇ ಥರ ಇದ್ದ ಕಾರಣ ಹೆಸರುಗಳು ದಿನಾ ಬದಲಾಗುತ್ತಿದ್ದವು, ಅಷ್ಟೇ.

ಮಾರನೇ ದಿನದಿಂದ ಮನೆಯಲ್ಲಿ ಅತ್ತೆಯ ಕಾನೂನು ಜಾರಿಗೆ ಬಂತು. ಹುಳುಗಳಿಗೆ ಘಾಟು ಆಗುವುದಿಲ್ಲವಂತೆ. ಹಾಗಾಗಿ ಊದುಬತ್ತಿ ಹಚ್ಚುವಂತಿಲ್ಲ, ಸೊಳ್ಳೆಬತ್ತಿಯ ಮಾತೇ ಇಲ್ಲ. ನಾನು ಸಾಸಿವೆ ಡಬ್ಬಕ್ಕೆ ಕೈ ಹಾಕಿದರೆ ಸಾಕು, "ಏನಮ್ಮಾ, ಒಗ್ಗರಣೆನಾ? ಅವು ಸೊಪ್ಪು ಬಿಟ್ಬಿಡ್ತವೆ!" ಎಂಬ ಕೂಗು. ಒಗ್ಗರಣೆಯಿಲ್ಲದ ಸಾರನ್ನು ನೀವು ಎಂದಾದರೂ ಉಂಡಿದ್ದೀರಾ? ಬೇಡ, ಉಣ್ಣಬೇಡಿ.

ನನ್ನ ಗಂಡ ಸೆಂಟು ಪೂಸಿಕೊಂಡು ಹಾಲ್‌ಗೆ ಬಂದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಆಚೆ ನಿಂತ್ಕೊಳೋ! ಆ ವಾಸನೆಗೆ ನನ್ ಮಕ್ಕಳು ಸಾಯ್ತವೆ!"

"ನಾನು ಯಾರಮ್ಮಾ ಹಾಗಾದ್ರೆ?"

"ನೀನು ಸೊಪ್ಪು ತರೋನು. ಹೋಗು, ಬಿಸ್ಲೇರೋಕ್ ಮುಂಚೆ ತಗೊಂಬಾ."

ಪಾಪ, ಆಫೀಸಿಗೆ ಹೋಗುವ ಮುನ್ನ ದಿನಾ ಸ್ಕೂಟರಿನಲ್ಲಿ ಹಿಪ್ಪುನೇರಳೆ ತೋಟ ಹುಡುಕಿಕೊಂಡು ಹೋಗುತ್ತಿದ್ದರು. ಟೀವಿ ಆರಿಸಿದರೆ ಹುಳುಗಳು ಮೇಯುವ ಚರಚರ ಸದ್ದು ಕೇಳುತ್ತಿತ್ತು. ಮನೆಯಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದದ್ದು ಅವು ಮಾತ್ರ!

ಕೊನೆಗೆ ಹುಳುಗಳು ಬಲಿತು ಹಣ್ಣಾಗಿ ಗೂಡು ಕಟ್ಟಿದವು. ಅತ್ತೆ ಗೂಡುಗಳನ್ನು ಬಿಡಿಸಿ, ಬಟ್ಟೆಯಲ್ಲಿ ಕಟ್ಟಿ, ಸಂಜೆಯ ಬಸ್ಸಿಗೆ ಸೀರೆ ಉಟ್ಟು ನಿಂತರು.

"ಎಲ್ಲಿಗಜ್ಜಿ?" ಎಂದಳು ಪುಟ್ಟಿ.

"ಮಾರ್ಕೆಟ್ಟಿಗೆ ಹಾಕ್ಬೇಕಲ್ಲಮ್ಮಾ. ಬಿಸಿನೀರಲ್ಲಿ ಬೇಯ್ಸಿ ನೂಲು ತೆಗೀತಾರೆ."

"ಒಳಗಿರೋ ಹುಳ?"

ಅತ್ತೆ ಗಂಟನ್ನು ಇನ್ನೊಮ್ಮೆ ಬಿಗಿಯತೊಡಗಿದರು. ಪುಟ್ಟಿ ಆ ಗಂಟನ್ನು ಎದೆಗವಚಿಕೊಂಡು ಮಂಚದ ಕೆಳಗೆ ಸೇರಿಬಿಟ್ಟಳು. ಕರೆದರೂ ಬರಲಿಲ್ಲ, ಊಟಕ್ಕೂ ಬರಲಿಲ್ಲ.

"ಅಯ್ಯೋ ದೇವುಡಾ, ಚಿಟ್ಟೆ ಆಚೆ ಬಂದ್ರೆ ಗೂಡು ತೂತಾಗುತ್ತಮ್ಮಾ. ತೂತಾದ್ ಗೂಡ್ನ ಯಾರೂ ಕೇಳಲ್ಲ. ಊರಲ್ಲಿ ನನ್ ಮುಖ ನೋಡಿ ನಗ್ತಾರೆ," ಎಂದರು ಅತ್ತೆ, ಮಂಚದ ಕೆಳಗೆ ಬಗ್ಗಿ. ಒಳಗಿನಿಂದ ಬಿಕ್ಕುವ ಸದ್ದಷ್ಟೇ ಬಂತು. ಅತ್ತೆ ಎದ್ದು ಹೋಗಿ ಮನೆ ಸೀರೆ ಉಟ್ಟುಕೊಂಡು ಬಂದರು. ಬಸ್ಸು ಹೋಯಿತು. ಅತ್ತೆ ಉಳಿದರು.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ನಾನೆದ್ದು ಬಂದಾಗ ಅಜ್ಜಿ ಮೊಮ್ಮಗಳಿಬ್ಬರೂ ಹಾಲ್‌ನ ನೆಲದ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದರು. ಒಂದು ಗೂಡಿನ ತುದಿ ಒದ್ದೆಯಾಗಿ, ಮುದುರಿದ ರೆಕ್ಕೆಯ ಬಿಳಿ ಚಿಟ್ಟೆ ಮೆಲ್ಲಗೆ ಹೊರಗೆ ಬರುತ್ತಿತ್ತು. ಅತ್ತೆ ಬೆರಳು ಚಾಚಿದರು. ಅದು ಹತ್ತಿ ಕೂತಿತು.

"ಇಷ್ಟು ವರ್ಷ ಸಾಕಿದ್ದೀನಿ ಕಣಮ್ಮಾ," ಎಂದರು ಮೊಮ್ಮಗಳಿಗೆ, ಮೆತ್ತಗೆ. "ಇದು ಆಚೆ ಬರೋದನ್ನ ಕೂತ್ಕೊಂಡು ನೋಡಿದ್ದು ಇವತ್ತೇ."

ನನಗೆ ಕಣ್ಣು ತುಂಬಿ ಬಂತು. ಅಡುಗೆಮನೆಗೆ ಹೋಗಿ ಸಾರಿಗಿಟ್ಟೆ. ಆ ದಿನ ಬೇಡವೆಂದು ಯಾರೂ ಹೇಳಲಿಲ್ಲ, ಆದರೂ ಒಗ್ಗರಣೆ ಹಾಕಲಿಲ್ಲ.